ಯಾರ ತಪ್ಪು ಯಾರ ಲೆಕ್ಕಕ್ಕೆ?
ಬೇಸ್‌ಬಾಲ್ ಆಟದ ಲೆಕ್ಕದ ಪುಸ್ತಕವನ್ನು ಕುರಿತು ಒಂದು ಅಭಿಪ್ರಾಯ

ಆಟವು ಮುಗಿದೊಡನೆ ಕೇಳಲ್ಪಡುವ ಪ್ರಶ್ನೆಯು ಒಂದೇ: ಗೆದ್ದವರು ಯಾರು? ಶಾಲೆಗಳ ಸಂಚಿಕೆಗಳಲ್ಲಿ ಅಚ್ಚಾಗುವ ಕ್ರೀಡಾವರದಿಗಳೂ ಬಹುಮಟ್ಟಿಗೆ ಈ ಪ್ರಶ್ನೆಗೆ ಉತ್ತರಗಳಾಗಿಯೇ ಇರುತ್ತವೆ. ಇಂಥ ಶಾಲೆಯವರನ್ನು ಸೋಲಿಸಿದೆವು, ಇಂಥವರಿಗೆ ಸೋತೆವು, ಢಾಲು ಬಂದಿತು, ಢಾಲು ಹೋಯಿತು, ಇಷ್ಟೇ. ಆ ಗೆಲುವಿನಲ್ಲಿ ಯಾರ ಪಾಲು ಎಷ್ಟು, ಆ ಸೋಲಿನಲ್ಲಿ ಯಾರ ಹೊಣೆ ಎಷ್ಟು ಎಂಬುದನ್ನು ಬರೆದಿಡುವ ಪದ್ಧತಿಯು ನಮ್ಮಲ್ಲಿ ವಿರಳ. ಅದನ್ನು ಬರೆದಿಡುವುದು ಸಾಧ್ಯವೇ ಎಂದು ಸಂದೇಹಪಡುವವರಿಗೆ, ಅಮೆರಿಕದ ಸಂಯುಕ್ತ ಸಂಸ್ಥಾನಗಳ ಜನರು ಒಂದೂವರೆ ಶತಮಾನಕ್ಕೂ ಮೇಲ್ಪಟ್ಟು ಬೆಳೆಸಿಕೊಂಡು ಬಂದಿರುವ ಬೇಸ್‌ಬಾಲ್ ಲೆಕ್ಕದ ಪುಸ್ತಕವನ್ನು ತೋರಿಸಬೇಕೆಂದು ನಮ್ಮ ಇಚ್ಛೆ. ಆ ಪುಸ್ತಕದ ಒಂದೇ ಹಾಳೆಯ ಮೇಲೆ ಬಹು ನ್ಯಾಯವಾದ ಒಂದು ನಿಯಮವೂ ಬಹು ಅನ್ಯಾಯವಾದ ಒಂದು ರೂಢಿಯೂ ಅಕ್ಕಪಕ್ಕದ ಅಂಕಣಗಳಲ್ಲಿ ಕುಳಿತಿವೆ. ಮಕ್ಕಳ ಪ್ರಗತಿ ಪತ್ರಿಕೆಗೆ ವರ್ಷವರ್ಷವೂ ಸಹಿ ಹಾಕುವ ತಂದೆತಾಯಿಗಳಿಗೂ, ಒಂದು ಕಾಲದಲ್ಲಿ ಆ ಪತ್ರಿಕೆಯನ್ನು ನಡುಗುವ ಕೈಯಿಂದ ಮನೆಗೆ ಒಯ್ದ ಹಳೆಯ ವಿದ್ಯಾರ್ಥಿನಿಯರಿಗೂ ಈ ಎರಡರ ಪರಿಚಯವು ನಿಷ್ಪ್ರಯೋಜನವಾಗದೆಂದು ನಂಬಿ ಈ ವಿಷಯವನ್ನು ಎತ್ತಿಕೊಂಡಿದೆ.

ಸಾಫ್ಟ್‌ಬಾಲ್ ಆಡಿರುವ ಸಹೋದರಿಯರಿಗೆ ಬೇಸ್‌ಬಾಲಿನ ಕ್ರಮವನ್ನು ವಿವರಿಸಬೇಕಾದುದಿಲ್ಲ. ಸಾಫ್ಟ್‌ಬಾಲ್ ಅದರ ತಂಗಿ. ಉಳಿದವರಿಗಾಗಿ ಸಂಕ್ಷೇಪವಾಗಿ ಹೇಳುವುದಾದರೆ, ಒಂಬತ್ತು ಮಂದಿಯ ಎರಡು ಪಕ್ಷಗಳು. ಚೆಂಡನ್ನು ಎಸೆಯುವವರಿಗೆ ಪಿಚರ್ ಎಂದು ಹೆಸರು. ಬ್ಯಾಟು ಹಿಡಿದವರು ಚೆಂಡನ್ನು ಹೊಡೆದು, ಬೇಸ್ ಎಂದು ಕರೆಯಲ್ಪಡುವ ಮೂರು ನೆಲೆಗಳನ್ನು ಕ್ರಮವಾಗಿ ಮುಟ್ಟಿ, ಹೊರಟ ಸ್ಥಳವಾದ ಹೋಮಿಗೆ ಹಿಂದಿರುಗಿದರೆ ಒಂದು ಓಟ. ಮೂರು ಸ್ಟ್ರೈಕುಗಳಾದರೆ ಔಟ್. ಹೊಡೆಯಲು ಯೋಗ್ಯವಲ್ಲದ ನಾಲ್ಕು ಎಸೆತಗಳಾದರೆ ಮೊದಲನೆಯ ಬೇಸ್ ಪುಕ್ಕಟೆಯಾಗಿ ದೊರೆಯುವುದು. ಇದಕ್ಕೆ ವಾಕ್ ಎನ್ನುವರು. ಮೂವರು ಔಟಾದರೆ ಸರದಿ ಮುಗಿಯಿತು. ಪ್ರತಿ ಪಕ್ಷಕ್ಕೆ ಒಂಬತ್ತು ಸರದಿಗಳು, ಅಂದರೆ ಇಪ್ಪತ್ತೇಳು ಔಟುಗಳು. ಪಿಚರ್ ಚೆಂಡನ್ನು ಕೈಬಿಟ್ಟ ಕ್ಷಣದಿಂದ ಮಿಕ್ಕ ಎಂಟು ಮಂದಿಯ ಕೈಗಳನ್ನು ನಂಬಿ ನಿಲ್ಲಬೇಕಾಗುವುದು. ಲೆಕ್ಕದ ತೊಡಕೆಲ್ಲವೂ ಹುಟ್ಟುವುದು ಇಲ್ಲಿಯೇ. ನಮ್ಮದು ಹೆಣ್ಣುಮಕ್ಕಳ ಶಾಲೆಯಾದ್ದರಿಂದ ಮುಂದೆ ಕೊಡುವ ಕಲ್ಪಿತ ಉದಾಹರಣೆಗಳಲ್ಲಿ ಪಿಚರನ್ನು ಹುಡುಗಿಯೆಂದೇ ಭಾವಿಸಿಕೊಳ್ಳೋಣ.

ಈ ಲೆಕ್ಕದ ಪಿತಾಮಹನೆನಿಸಿಕೊಂಡವನು ಹೆನ್ರಿ ಚ್ಯಾಡ್ವಿಕ್. ಇಂಗ್ಲೆಂಡಿನ ಎಕ್ಸೆಟರ್ ಪಟ್ಟಣದಲ್ಲಿ ೧೮೨೪ ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕಕ್ಕೆ ಹೋದ ಈತನು ಕ್ರಿಕೆಟ್ ಪಂದ್ಯಗಳ ವರದಿಗಾರನಾಗಿದ್ದನು. ಕ್ರಿಕೆಟಿನ ಪಟ್ಟಿಯ ಮಾದರಿಯಿಂದಲೇ ಬೇಸ್‌ಬಾಲಿನ ಪಟ್ಟಿಯನ್ನು ಬೆಳೆಸಿದನು. ಮೂರು ಸ್ಟ್ರೈಕುಗಳಿಗೆ ಔಟಾದವನ ಹೆಸರಿನ ಮುಂದೆ ಇಂದಿಗೂ 'ಕೆ' ಎಂಬ ಅಕ್ಷರವನ್ನು ಬರೆಯುವುದು ಆತನಿಂದ ಬಂದ ಬಳಕೆ. 'ಸ್ಟ್ರಕ್' ಎಂಬ ಇಂಗ್ಲಿಷ್ ಮಾತಿನ ಕಡೆಯ ಅಕ್ಷರವದು. ಆದರೆ ಬೇಸ್‌ಬಾಲ್ ಪಟ್ಟಿಯಲ್ಲಿ ಕ್ರಿಕೆಟಿನ ಪಟ್ಟಿಯಲ್ಲಿಲ್ಲದ ಒಂದು ಅಂಕಣವುಂಟು. ಅದು ತಪ್ಪುಗಳ ಅಂಕಣ. ಕ್ರಿಕೆಟಿನಲ್ಲಿ ಸ್ಲಿಪ್ಪಿನಲ್ಲಿ ನಿಂತವನು ಸುಲಭವಾದ ಕ್ಯಾಚನ್ನು ಕೈಬಿಟ್ಟು, ಆ ಆಟಗಾರನು ಅದೇ ಬೋಲರನ ಓವರುಗಳಲ್ಲಿ ಮತ್ತೆ ಐವತ್ತು ಓಟಗಳನ್ನು ಹೊಡೆದರೆ, ಆ ಐವತ್ತೂ ಬೋಲರನ ಹೆಸರಿನ ಮುಂದೆ ನಿಲ್ಲುವುವು. ಕೈಬಿಟ್ಟವನ ಹೆಸರಿನ ಮುಂದೆ ಏನೂ ಇಲ್ಲ. ಬೇಸ್‌ಬಾಲ್ ಇದನ್ನು ಒಪ್ಪಲಿಲ್ಲ.

ಅದು ಕಂಡುಕೊಂಡ ಉಪಾಯವೇ 'ಅರ್ನ್ಡ್ ರನ್'. ಕನ್ನಡದಲ್ಲಿ ಸಂಪಾದಿತ ಓಟವೆನ್ನೋಣ. ಒಂದು ನಿದರ್ಶನವನ್ನು ನೋಡಿರಿ. ಇಬ್ಬರು ಔಟಾಗಿದ್ದಾರೆ. ಮುಂದಿನವಳು ಚೆಂಡನ್ನು ನೆಲದ ಮೇಲೆ ಉರುಳುವಂತೆ ಮೆಲ್ಲನೆ ಹೊಡೆದಳು. ಅಲ್ಲಿ ನಿಂತಿದ್ದವಳು ಎತ್ತಿ ಮೊದಲನೆಯ ಬೇಸಿಗೆ ಎಸೆದಿದ್ದರೆ ಸರದಿ ಮುಗಿಯುತ್ತಿತ್ತು. ಚೆಂಡು ಆಕೆಯ ಕಾಲುಗಳ ನಡುವೆ ನುಸುಳಿಹೋಯಿತು. ಅನಂತರ ಬಂದವಳು ಬೇಲಿಯಾಚೆಗೆ ಹೊಡೆದಳು. ಎದುರು ಪಕ್ಷಕ್ಕೆ ಎರಡು ಓಟಗಳು ಬಂದುವು, ಪಂದ್ಯದ ಲೆಕ್ಕದಲ್ಲಿ ಅವು ನಿಂತುವು. ಆದರೆ ಪಿಚರಿನ ಸಂಪಾದಿತ ಓಟಗಳ ಅಂಕಣದಲ್ಲಿ ಬರೆಯುವುದು ಸೊನ್ನೆ. ಯಾಕಂದರೆ ಲೆಕ್ಕಿಗನು ಆ ಸರದಿಯನ್ನು ತಪ್ಪುಗಳಿಲ್ಲದೆ ಮನಸ್ಸಿನಲ್ಲಿಯೇ ಮತ್ತೊಮ್ಮೆ ಆಡಿಸಿ ನೋಡತಕ್ಕದ್ದೆಂದು ನಿಯಮ. ಹಾಗೆ ಆಡಿಸಿದರೆ ಎರಡನೆಯ ಹೊಡೆತಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಸಂದೇಹವುಂಟಾದರೆ ಅದರ ಪ್ರಯೋಜನವು ಪಿಚರಿಗೆ. ಹಿಡಿಯಬಹುದಾಗಿದ್ದ ಎಸೆತವನ್ನು ಕ್ಯಾಚರ್ ಬಿಟ್ಟುಕೊಟ್ಟು ಓಟವಾದರೂ ಹೀಗೆಯೇ. ಆದರೆ ಪಿಚರ್ ತಾನೇ ದಿಕ್ಕುಗೆಟ್ಟು ಎಸೆದ ಚೆಂಡುಗಳಿಂದಲೂ, ತಾನು ಕೊಟ್ಟ ವಾಕುಗಳಿಂದಲೂ ಬಂದ ಓಟಗಳಿಗೆ ಈ ರಿಯಾಯಿತಿ ಇಲ್ಲ. ಅವು ಆಕೆಯ ಸ್ವಂತ ಸಂಪಾದನೆ.

ಈ ಓಟಗಳನ್ನು ಒಂಬತ್ತರಿಂದ ಗುಣಿಸಿ, ಎಸೆದ ಸರದಿಗಳ ಸಂಖ್ಯೆಯಿಂದ ಭಾಗಿಸಿದರೆ ಸಂಪಾದಿತ ಓಟಗಳ ಸರಾಸರಿಯು ದೊರೆಯುವುದು. ನ್ಯಾಷನಲ್ ಲೀಗ್ ಎಂಬ ಮಹಾಮಂಡಲಿಯು ಇದನ್ನು ೧೯೧೨ ರಿಂದ ಅಧಿಕೃತವಾಗಿ ಪ್ರಕಟಿಸುತ್ತಿದೆ. ನ್ಯೂಯಾರ್ಕ್ ಮೆಟ್ಸ್ ಪಕ್ಷದ ಜೇಕಬ್ ಡಿಗ್ರಾಮ್ ೨೦೧೮ ರಲ್ಲಿ ೨೧೭ ಸರದಿಗಳನ್ನು ಎಸೆದು ೪೧ ಸಂಪಾದಿತ ಓಟಗಳನ್ನು ಕೊಟ್ಟನು. ೪೧ ಒಂಬತ್ತಲಿ ೩೬೯, ಅದನ್ನು ೨೧೭ ರಿಂದ ಭಾಗಿಸಿದರೆ ೧.೭೦. ಪೂರ್ಣ ಪಂದ್ಯವೊಂದಕ್ಕೆ ಎರಡು ಓಟಗಳಿಗಿಂತಲೂ ಕಡಮೆಯೆಂದು ಅರ್ಥ. ಒಂದೊಂದು ಔಟು ಸರದಿಯ ಮೂರನೆಯ ಒಂದು ಭಾಗವಾದ್ದರಿಂದ ಏಳು ಸರದಿಗಳೂ ಒಂದು ಔಟೂ ಆದಲ್ಲಿ ಪುಸ್ತಕದಲ್ಲಿ ೭.೧ ಎಂದು ಬರೆಯುವರು. ಇದು ದಶಾಂಶವಲ್ಲ, ನಮ್ಮ ಗಣಿತದ ಉಪಾಧ್ಯಾಯಿನಿಯರು ಸಿಟ್ಟಾಗಬಾರದು.

ಪಂದ್ಯದ ನಡುವೆ ಪಿಚರನ್ನು ಬದಲಾಯಿಸಿದಾಗ ನಿಯಮವು ಇನ್ನೂ ಸೂಕ್ಷ್ಮವಾಗುವುದು, ನಮಗೆ ಇನ್ನೂ ಮೆಚ್ಚಿಗೆಯಾಗುವುದು. ಮೊದಲಿನವಳು ಇಬ್ಬರನ್ನು ಬೇಸುಗಳ ಮೇಲೆ ಬಿಟ್ಟು ಹೊರಗೆ ಹೋದಳೆಂದುಕೊಳ್ಳಿರಿ. ಬದಲಿಗೆ ಬಂದವಳ ಎಸೆತವನ್ನು ಎದುರಾಳಿಯು ಬೇಲಿಯಾಚೆಗೆ ಹೊಡೆದು ಮೂವರೂ ಹೋಮಿಗೆ ಬಂದರು. ಮೊದಲಿನ ಎರಡು ಓಟಗಳು ಹೊರಗೆ ಹೋದವಳ ಲೆಕ್ಕಕ್ಕೆ. ಒಂದು ಮಾತ್ರ ಹೊಸಬಳ ಲೆಕ್ಕಕ್ಕೆ. ತಾನು ಮಾಡದ ಸಾಲವನ್ನು ಹೊಸಬಳು ತೀರಿಸಬೇಕಾದುದಿಲ್ಲ. ಹುಳಿದ್ರಾಕ್ಷೆಯ ಗಾದೆಯನ್ನು ಯೆಹೆಜ್ಕೇಲ ಪ್ರವಾದಿಯು ಖಂಡಿಸಿದ ಅಧ್ಯಾಯವನ್ನು ಬೈಬಲ್ ತರಗತಿಯಲ್ಲಿ ಓದಿದವರಿಗೆ ಈ ನ್ಯಾಯವು ಪರಿಚಿತವಾಗಿ ಕಾಣುವುದು. ಆದರೆ ಇದರ ಮತ್ತೊಂದು ಮುಖವೂ ಉಂಟು. ಹೊಸಬಳು ಬರುವುದಕ್ಕೆ ಮುಂಚೆ ಅದೇ ಸರದಿಯಲ್ಲಿ ಯಾರೋ ಚೆಂಡನ್ನು ಕೈಬಿಟ್ಟಿದ್ದರೆ, ಆ ತಪ್ಪನ್ನು ಆಕೆಯು ನೆಪವಾಗಿ ಮುಂದಿಡುವಂತಿಲ್ಲ. ತಾನು ಎದುರಿಸಿದವರು ಗಳಿಸಿದ ಓಟಗಳು ಪಕ್ಷದ ಲೆಕ್ಕದಲ್ಲಿ ಅಸಂಪಾದಿತವೆಂದೆನಿಸಿಕೊಂಡರೂ ಆಕೆಯ ಲೆಕ್ಕದಲ್ಲಿ ಸಂಪಾದಿತವೇ. ಅಂಗಣದ ಸ್ಥಿತಿಯನ್ನು ಕಣ್ಣಾರೆ ಕಂಡು ಒಪ್ಪಿಕೊಂಡೇ ಆಕೆಯು ಬಂದಳಲ್ಲವೇ?

ಇಷ್ಟು ಹೊಗಳಿದ ಮೇಲೆ ಕೊರತೆಗಳನ್ನೂ ಹೇಳಬೇಕು. ತಪ್ಪೆಂದರೇನು ಎಂಬುದನ್ನು ಒಬ್ಬ ಮನುಷ್ಯನೇ ನಿರ್ಣಯಿಸಬೇಕು. ಸಾಧಾರಣ ಪ್ರಯತ್ನದಿಂದ ಸಾಧ್ಯವಾಗುತ್ತಿದ್ದುದನ್ನು ಮಾಡದಿದ್ದರೆ ತಪ್ಪು ಎಂದು ನಿಯಮವು ಹೇಳುವುದು. ಸಾಧಾರಣವು ಯಾವುದೆಂಬುದು ಲೆಕ್ಕಿಗನ ಕಣ್ಣಿಗೆ ಬಿಟ್ಟದ್ದು. ಬಹುಕಾಲ ಈ ಕೆಲಸವನ್ನು ವೃತ್ತಪತ್ರಿಕೆಯ ವರದಿಗಾರರೇ ಮಾಡುತ್ತಿದ್ದರು. ಅದಿರಲಿ, ಇದಕ್ಕಿಂತ ದೊಡ್ಡ ಕೊರತೆಯೊಂದುಂಟು. ಚುರುಕಾಗಿ ಓಡಿ ಚೆಂಡಿನ ಬಳಿಗೆ ಹೋಗಿ ಕೈಬಿಟ್ಟವಳಿಗೆ ತಪ್ಪು ಬರೆಯುತ್ತಾರೆ. ಮೈಗಳ್ಳತನದಿಂದ ನಿಧಾನವಾಗಿ ಹೋಗಿ ಚೆಂಡನ್ನು ಮುಟ್ಟದೆಯೇ ಉಳಿದವಳ ಹೆಸರು ಶುಭ್ರವಾಗಿರುತ್ತದೆ. ಆ ಚೆಂಡು ಪಿಚರಿನ ಮೇಲೆ ಬಿದ್ದ ಹೊಡೆತವೆಂದೇ ಲೆಕ್ಕ. ಪ್ರಯತ್ನಿಸಿದವಳಿಗೆ ಕಲೆ, ಪ್ರಯತ್ನಿಸದವಳಿಗೆ ಬಿಳುಪು! ತಪ್ಪು ಪಿಚರಿನದೇ ಆಗಿದ್ದಾಗ, ಅಂದರೆ ತನ್ನ ಮುಂದೆ ಉರುಳಿಬಂದ ಚೆಂಡನ್ನು ಆಕೆಯೇ ಕೈಬಿಟ್ಟಾಗಲೂ, ಆ ಓಟವು ಆಕೆಯ ಸರಾಸರಿಗೆ ತಗಲದು. ಇದು ನಮಗೆ ಸರಿದೋರುವುದಿಲ್ಲ. ಇಬ್ಬರು ಔಟಾದ ಮೇಲೆ ಇನ್ನೊಬ್ಬಳ ತಪ್ಪಿನಿಂದ ಸರದಿಯು ಉಳಿದುಕೊಂಡರೆ, ಅದೇ ಪಿಚರ್ ಅನಂತರ ಐದು ಹೊಡೆತಗಳನ್ನು ತಿಂದು ನಾಲ್ಕು ಓಟಗಳನ್ನು ಕೊಟ್ಟರೂ ಒಂದೂ ಆಕೆಯದಲ್ಲವೆಂಬುದು ಅತಿಯಾದ ಕರುಣೆಯೆಂದು ನಮ್ಮ ಅಭಿಪ್ರಾಯ. ಗೆಳತಿಯೊಬ್ಬಳು ಎಡವಿದ ಬಳಿಕ ಧೈರ್ಯಗೆಡದೆ ಎಸೆಯುವುದೂ ಪಿಚರಿನ ಕೆಲಸವೇ.

ಈಗ ಪಕ್ಕದ ಅಂಕಣಕ್ಕೆ ಬರೋಣ. ಅದರ ಹೆಸರು ಗೆಲುವು, ಸೋಲು. ಪ್ರತಿ ಪಂದ್ಯದ ಗೆಲುವನ್ನು ಗೆದ್ದ ಪಕ್ಷದ ಒಬ್ಬ ಪಿಚರಿಗೂ, ಸೋಲನ್ನು ಸೋತ ಪಕ್ಷದ ಒಬ್ಬ ಪಿಚರಿಗೂ ಕಟ್ಟಲೇಬೇಕು. ಯಾರು ಎಸೆಯುತ್ತಿದ್ದಾಗ ಪಕ್ಷವು ಕಡೆಯವರೆಗೂ ಉಳಿದ ಮುನ್ನಡೆಯನ್ನು ಪಡೆಯಿತೋ ಸಾಮಾನ್ಯವಾಗಿ ಅವರಿಗೆ ಗೆಲುವು; ಮೊದಲಿನಿಂದ ಎಸೆದವರು ಐದು ಸರದಿಗಳನ್ನಾದರೂ ಮುಗಿಸಿರಬೇಕು. ಆದ್ದರಿಂದ ಏಳು ಸರದಿ ಬೆವರು ಸುರಿಸಿ ಒಂದು ಓಟದ ಮುನ್ನಡೆಯನ್ನು ಬಿಟ್ಟುಹೋದವಳಿಗೆ ಏನೂ ಇಲ್ಲದೆ, ಆ ಮುನ್ನಡೆಯನ್ನು ಹಾಳುಮಾಡಿದವಳಿಗೆ, ಅವಳ ಪಕ್ಷವು ಮರುಗಳಿಗೆಯಲ್ಲಿ ಮತ್ತೆ ಓಟ ಗಳಿಸಿತೆಂಬ ಕಾರಣದಿಂದ, ಗೆಲುವು ದಕ್ಕುವುದುಂಟು. ದ್ರಾಕ್ಷೆಯ ತೋಟಕ್ಕೆ ಹೊತ್ತು ಇಳಿದ ಮೇಲೆ ಬಂದ ಕೂಲಿಯಾಳಿಗೂ ಯಜಮಾನನು ಪೂರ್ಣ ಕೂಲಿಯನ್ನು ಕೊಟ್ಟನು, ನಿಜ. ಆದರೆ ಆತನು ಬೆಳಗಿನಿಂದ ದುಡಿದವನ ಕೂಲಿಯನ್ನು ಕಿತ್ತು ಕೊಡಲಿಲ್ಲ.

ಈ ಅಂಕಣದ ಕ್ರೌರ್ಯಕ್ಕೆ ೧೯೫೯ ರ ಮೇ ೨೬ ರಂದು ಮಿಲ್ವಾಕಿ ನಗರದಲ್ಲಿ ನಡೆದ ಪಂದ್ಯಕ್ಕಿಂತ ಮಿಗಿಲಾದ ಸಾಕ್ಷಿ ಬೇಡ. ಪಿಟ್ಸ್‌ಬರ್ಗ್ ಪಕ್ಷದ ಹಾರ್ವಿ ಹ್ಯಾಡಿಕ್ಸ್ ಆ ರಾತ್ರಿ ಹನ್ನೆರಡು ಸರದಿಗಳನ್ನು ಎಸೆದನು. ಮೂವತ್ತಾರು ಮಂದಿ ಬಂದರು, ಮೂವತ್ತಾರು ಮಂದಿಯೂ ಬೇಸ್ ಮುಟ್ಟದೆ ಹಿಂದಿರುಗಿದರು. ಒಂಬತ್ತು ಸರದಿಗಳಲ್ಲಿಯೇ ಪಂದ್ಯವು ಮುಗಿಯಬೇಕಾಗಿತ್ತು. ಆದರೆ ಆತನ ಪಕ್ಷದವರು ಲ್ಯೂ ಬರ್ಡೆಟ್ ಎಂಬ ಎದುರು ಪಿಚರನನ್ನು ಹನ್ನೆರಡು ಸಲ ಸರಿಯಾಗಿ ಹೊಡೆದರೂ ಒಂದು ಓಟವನ್ನೂ ಗಳಿಸಲಾರದೆ ಹೋದರು. ಹದಿಮೂರನೆಯ ಸರದಿಯಲ್ಲಿ ಮೂರನೆಯ ಬೇಸಿನ ರಕ್ಷಕನು ತಪ್ಪಾಗಿ ಎಸೆದುದರಿಂದ ಒಬ್ಬನು ಬೇಸ್ ಸೇರಿದನು. ಮುಂದಿನವನು ತಾನು ಔಟಾಗಿ ಅವನನ್ನು ಎರಡನೆಯ ಬೇಸಿಗೆ ಸಾಗಿಸಿದನು. ಇನ್ನೊಬ್ಬನಿಗೆ ಬೇಕೆಂದೇ ವಾಕ್ ಕೊಡಲಾಯಿತು. ಬಳಿಕ ಬಂದ ಜೋ ಆಡ್‌ಕಾಕ್ ಹೊಡೆದನು. ಪಂದ್ಯವು ಒಂದಕ್ಕೆ ಸೊನ್ನೆಯಾಗಿ ಮುಗಿಯಿತು. ಪುಸ್ತಕವನ್ನು ತೆರೆದು ನೋಡಿರಿ: ಹ್ಯಾಡಿಕ್ಸನ ಸಂಪಾದಿತ ಓಟಗಳು ಸೊನ್ನೆ. ಅದೇ ಸಾಲಿನಲ್ಲಿ ಒಂದು ಅಂಗುಲದಾಚೆ: ಸೋಲು. ಒಂದು ಅಂಕಣವು ಇವನ ತಪ್ಪೇನೂ ಇಲ್ಲವೆಂದು ಸಾಕ್ಷಿ ನುಡಿಯುತ್ತಿರುವಾಗಲೇ ಪಕ್ಕದ ಅಂಕಣವು ಶಿಕ್ಷೆಯನ್ನು ವಿಧಿಸುತ್ತಿದೆ.

ಇದು ಒಂದು ರಾತ್ರಿಯ ದುರದೃಷ್ಟವೆನ್ನುವವರಿಗೆ ವರ್ಷಪೂರ್ತಿಯ ಲೆಕ್ಕವನ್ನೂ ಕೊಡಬಹುದು. ನೋಲನ್ ರಯನ್ ೧೯೮೭ ರಲ್ಲಿ ತನ್ನ ಲೀಗಿನಲ್ಲೆಲ್ಲ ಅತ್ಯುತ್ತಮವಾದ ೨.೭೬ ರ ಸರಾಸರಿಯನ್ನು ಪಡೆದನು. ಅವನ ಹೆಸರಿಗೆ ಬಂದುದು ೮ ಗೆಲುವು, ೧೬ ಸೋಲು. ಮೇಲೆ ಹೇಳಿದ ಡಿಗ್ರಾಮನಿಗೆ ೧೦ ಗೆಲುವು, ೯ ಸೋಲು. 'ಸೇವ್' ಎಂಬ ಅಂಕಣದ ಕಥೆಯು ಇನ್ನೂ ವಿನೋದವಾದುದು. ಕೊನೆಗೆ ಬಂದು ಮುನ್ನಡೆಯನ್ನು ಕಾಪಾಡಿದವರ ಶ್ರಮಕ್ಕೂ ಹೆಸರಿರಲೆಂದು ಷಿಕಾಗೋ ನಗರದ ಪತ್ರಿಕಾಕರ್ತ ಜೆರೋಮ್ ಹೋಲ್ಟ್ಸ್‌ಮನ್ ಕಲ್ಪಿಸಿದ ಇದು ೧೯೬೯ ರಲ್ಲಿ ಅಧಿಕೃತವಾಯಿತು. ಮೂರು ಓಟಗಳಿಗೆ ಮೀರದ ಮುನ್ನಡೆಯಿದ್ದಾಗ ಬಂದು ಒಂದು ಸರದಿಯನ್ನಾದರೂ ಎಸೆದು ಪಂದ್ಯವನ್ನು ಮುಗಿಸಿದರೆ ಸೇವ್. ಕಡೆಯ ಮೂರು ಸರದಿಗಳನ್ನು ಎಸೆದರೆ ಮುನ್ನಡೆಯು ಎಷ್ಟಿದ್ದರೂ ಸೇವ್ ಸಿಕ್ಕಬಹುದು. ಆದ್ದರಿಂದ ೨೦೦೭ ರ ಆಗಸ್ಟಿನಲ್ಲಿ ಟೆಕ್ಸಾಸ್ ಪಕ್ಷವು ಬಾಲ್ಟಿಮೋರನ್ನು ಮೂವತ್ತಕ್ಕೆ ಮೂರು ಓಟಗಳಿಂದ ಸೋಲಿಸಿದ ಪಂದ್ಯದಲ್ಲಿಯೂ ಒಬ್ಬ ಪಿಚರನು ಗೆಲುವನ್ನು ಕಾಪಾಡಿದವನೆಂದು ದಾಖಲಾದನು. ಮುಳುಗದ ಹಡಗನ್ನು ಉಳಿಸಿದ ಕೀರ್ತಿ!

ಅಮೆರಿಕದವರು ಇದನ್ನು ಕಾಣದೆ ಇರಲಿಲ್ಲ. ಅತ್ಯುತ್ತಮ ಪಿಚರಿಗೆ ಕೊಡುವ ಸೈ ಯಂಗ್ ಪಾರಿತೋಷಕವು ಬಹುಕಾಲ ಗೆಲುವುಗಳ ಸಂಖ್ಯೆಯನ್ನೇ ಹಿಂಬಾಲಿಸಿತು. ೨೦೧೦ ರಲ್ಲಿ ಮತದಾರರು ೨೧ ಗೆಲುವುಗಳವನನ್ನು ಬಿಟ್ಟು, ೧೩ ಗೆಲುವು ೧೨ ಸೋಲುಗಳ ಫೀಲಿಕ್ಸ್ ಹೆರ್ನಾಂಡೆಜನಿಗೆ ಅದನ್ನು ಕೊಟ್ಟರು; ಅವನ ಸರಾಸರಿಯು ೨.೨೭. ಡಿಗ್ರಾಮನಿಗೂ ಅದು ೨೦೧೮ ರಲ್ಲಿ ದೊರೆಯಿತು. ವೋರಸ್ ಮ್ಯಾಕ್ರಾಕೆನ್ ಎಂಬಾತನು ೨೦೦೧ ರಲ್ಲಿ ಇನ್ನೂ ಮುಂದೆ ಹೋಗಿ, ಅಂಗಣದೊಳಗೆ ಬಿದ್ದ ಚೆಂಡು ಹಿಡಿತಕ್ಕೆ ಸಿಕ್ಕುವುದೋ ಇಲ್ಲವೋ ಎಂಬುದರ ಮೇಲೆ ಪಿಚರಿನ ಅಧಿಕಾರವು ಜನರು ತಿಳಿದಿರುವುದಕ್ಕಿಂತ ಬಹಳ ಕಡಮೆಯೆಂದು ವಾದಿಸಿದನು. ಆ ಮೇಲೆ ಸ್ಟ್ರೈಕಿನ ಔಟು, ವಾಕ್, ಮೈಗೆ ತಗಲಿದ ಎಸೆತ, ಬೇಲಿ ದಾಟಿದ ಹೊಡೆತ ಇವುಗಳನ್ನು ಮಾತ್ರ ಎಣಿಸುವ ಲೆಕ್ಕಗಳು ಹುಟ್ಟಿದುವು. ಗೆಲುವು ಸೋಲಿನ ಅಂಕಣವು ಮಾತ್ರ ಇಂದಿಗೂ ಅಚ್ಚಾಗುತ್ತಲೇ ಇದೆ. ಅದನ್ನು ಪಕ್ಷದ ಹೆಸರಿನ ಮುಂದೆ ಬರೆಯಲಿ, ಪಿಚರಿನ ಹೆಸರಿನ ಮುಂದೆ ಬರೆಯದಿರಲಿ ಎಂಬುದು ನಮ್ಮ ಪಕ್ಷ.

ಗೆಲುವು ಸೋಲಿನ ಅಂಕಣವು ನಮ್ಮಲ್ಲಿಯೂ ಇದೆ. ಉತ್ತೀರ್ಣ, ಅನುತ್ತೀರ್ಣ, ಪ್ರಥಮ ಶ್ರೇಣಿ, ದ್ವಿತೀಯ ಶ್ರೇಣಿ ಎಂದು ಅದಕ್ಕೆ ಹೆಸರು. ಇಬ್ಬರು ಹುಡುಗಿಯರಿಗೆ ಗಣಿತದಲ್ಲಿ ಅರವತ್ತು ಅರವತ್ತು ಅಂಕಗಳು ಬಂದಿರಲಿ. ಒಬ್ಬಳಿಗೆ ಮನೆಯಲ್ಲಿ ಪ್ರತ್ಯೇಕ ಪಾಠ. ಇನ್ನೊಬ್ಬಳ ತಾಯಿಯು ಆ ವರ್ಷವೇ ಹೆತ್ತು ಮಲಗಿದ್ದಳು. ತೊಟ್ಟಿಲು ತೂಗಿ, ಅಡುಗೆ ಮಾಡಿ, ಉಳಿದ ಹೊತ್ತಿನಲ್ಲಿ ಹುಡುಗಿಯು ಓದಿದಳು. ಪತ್ರಿಕೆಯಲ್ಲಿ ಎರಡು ಅರವತ್ತುಗಳೂ ಒಂದೇ. ಅರ್ಧ ವರ್ಷ ಉಪಾಧ್ಯಾಯಿನಿಯೇ ಇಲ್ಲದೆ ಕಳೆದ ತರಗತಿಯ ಅಂಕಗಳು ಕುಗ್ಗಿದರೆ, ಆ ತಪ್ಪು ಮಕ್ಕಳದಲ್ಲ, ಶಾಲೆಯದು. ಶಾಲೆಯೇ ಅದನ್ನು ತನ್ನ ಹೆಸರಿನ ಮುಂದೆ ಬರೆದುಕೊಂಡು ಆ ಮೇಲೆ ಪತ್ರಿಕೆಯನ್ನು ಮನೆಗೆ ಕಳುಹಿಸಬೇಕೆಂದು ನಾವು ಹೇಳುತ್ತೇವೆ. ಹೀಗೆ ಮಾಡಿದರೆ ಮಕ್ಕಳು ನೆಪ ಹೇಳುವುದನ್ನು ಕಲಿಯುವರೆಂದು ಕೆಲವು ತಂದೆಗಳು ಆಕ್ಷೇಪಿಸಬಹುದು. ಆದರೆ ವಾಕುಗಳು ಪಿಚರಿನ ಲೆಕ್ಕದಲ್ಲಿಯೇ ಉಳಿಯುತ್ತವೆಂಬುದನ್ನು ಅವರು ನೆನಪಿಗೆ ತಂದುಕೊಳ್ಳಲಿ. ಬಿಡುವಿದ್ದೂ ಓದದೆ ಬಿಟ್ಟ ಪಾಠವು ವಾಕ್ ಇದ್ದ ಹಾಗೆ. ಅದಕ್ಕೆ ಇನ್ನೊಬ್ಬರು ಹೊಣೆಯಲ್ಲ.

ಬೇಸ್‌ಬಾಲು ಗಂಡಸರ ಆಟ, ಇದರಿಂದ ನಮ್ಮ ಹುಡುಗಿಯರಿಗೇನು ಎನ್ನುವವರೂ ಇದ್ದಾರು. ಅಮೆರಿಕದಲ್ಲಿ ೧೯೪೩ ರಿಂದ ೧೯೫೪ ರವರೆಗೆ ಹೆಂಗಸರದೇ ಒಂದು ವೃತ್ತಿ ಲೀಗು ನಡೆಯಿತು. ಮೊದಲು ತೋಳನ್ನು ಕೆಳಗಿನಿಂದ ಬೀಸಿ ಎಸೆಯುತ್ತಿದ್ದವರು ೧೯೪೮ ರ ಹೊತ್ತಿಗೆ ಭುಜದ ಮೇಲಿನಿಂದಲೇ ಎಸೆಯತೊಡಗಿದರು. ಅದರಲ್ಲಿ ಸೌತ್ ಬೆಂಡ್ ಪಕ್ಷದ ಜೀನ್ ಫೌಟ್ ೧೯೫೧ ರಲ್ಲಿ ಒಮ್ಮೆ, ೧೯೫೩ ರಲ್ಲಿ ಮತ್ತೊಮ್ಮೆ, ಎದುರಾಳಿಗಳಲ್ಲಿ ಒಬ್ಬರೂ ಬೇಸ್ ಸೇರದಂತೆ ಇಡೀ ಪಂದ್ಯವನ್ನು ಎಸೆದಳು. ಇಂಥ ಪರಿಪೂರ್ಣ ಪಂದ್ಯಕ್ಕೆ ಪಿಚರಿನ ಕೈಚಳಕವೊಂದೇ ಸಾಲದು. ಮಿಕ್ಕ ಎಂಟು ಮಂದಿಯೂ ತಪ್ಪದಿರಬೇಕು. ೧೯೭೪ ರವರೆಗೆ ಹುಡುಗಿಯರನ್ನು ಸೇರಿಸದಿದ್ದ ಲಿಟ್ಲ್ ಲೀಗಿನ ಜಾಗತಿಕ ಪಂದ್ಯಮಾಲೆಯಲ್ಲಿ, ೨೦೧೪ ರಲ್ಲಿ ಫಿಲಡೆಲ್ಫಿಯಾ ನಗರದ ಹದಿಮೂರು ವರ್ಷದ ಮೋನೇ ಡೇವಿಸ್ ಎದುರು ಪಕ್ಷಕ್ಕೆ ಒಂದು ಓಟವನ್ನೂ ಕೊಡದೆ ಪಂದ್ಯವನ್ನು ಮುಗಿಸಿದಳು.

ನಮ್ಮ ಶಾಲೆಯ ಆಟದ ಬಯಲಿನಲ್ಲಿ ಈ ಲೆಕ್ಕವನ್ನು ಆರಂಭಿಸುವುದಕ್ಕೆ ವೆಚ್ಚವೇನೂ ಇಲ್ಲ. ಸಾಫ್ಟ್‌ಬಾಲಿಗೆ ಏಳೇ ಸರದಿಗಳಾದ್ದರಿಂದ ಒಂಬತ್ತರ ಬದಲಾಗಿ ಏಳರಿಂದ ಗುಣಿಸಬೇಕು. ಗೀಟು ಹಾಕಿದ ಒಂದು ಪುಸ್ತಕ, ಒಂದು ಪೆನ್ಸಿಲು, ಎರಡು ಪಕ್ಷಗಳಿಗೂ ಸೇರದ ಒಬ್ಬ ಹುಡುಗಿ. ಹೊಡೆತವೋ ತಪ್ಪೋ ಎಂಬುದನ್ನು ಆಕೆಯು ಯಾರನ್ನೂ ಕೇಳದೆ ನಿರ್ಣಯಿಸಿ ಆ ದಿನವೇ ಓದಿ 
ಹೇಳಲಿ, ಗೆಳತಿಯ ತಪ್ಪನ್ನು ತಪ್ಪೆಂದು ಬರೆಯುವುದು ಅವಳಿಗೆ ಮೊದಮೊದಲು ಕಷ್ಟವಾದೀತು. ಮೈಗಳ್ಳತನದಿಂದ ಬಿಟ್ಟ ಚೆಂಡಿಗೂ, ಪಿಚರ್ ತಾನೇ ಕೈಬಿಟ್ಟ ಚೆಂಡಿಗೂ ಬೇರೆ ಬೇರೆ ಗುರುತುಗಳನ್ನು ನಮ್ಮವರೇ ಗೊತ್ತುಮಾಡಿಕೊಳ್ಳಲಿ. ಅಮೆರಿಕದ ನಿಯಮಕ್ಕೆ ಇಷ್ಟು ತಿದ್ದುಪಡಿ ಮಾಡುವ ಸ್ವಾತಂತ್ರ್ಯವು ಶಾಲೆಯ ಹುಡುಗಿಯರಿಗೆ ಉಂಟು. ಮುಂದಿನ ಸಂಚಿಕೆಯ ಕ್ರೀಡಾವರದಿಯಲ್ಲಿ ಗೆದ್ದ ಸೋತ ಪಂದ್ಯಗಳ ಸಂಖ್ಯೆಯ ಕೆಳಗೆ ಈ ಅಂಕಣಗಳಿಗೆ ನಾಲ್ಕು ಸಾಲುಗಳಷ್ಟು ಸ್ಥಳವನ್ನು ಸಂಪಾದಕಿಯರು ದಯಪಾಲಿಸಬೇಕೆಂದು ಬೇಡುತ್ತೇವೆ.